ಪರೀಕ್ಷೆ ಆಯ್ತು, ಚಿಕಿತ್ಸೆ ಎಲ್ಲಿ?

ಬ್ರಿಟನ್ನಿನ ಶಾಲೆಗಳಿಗೆ ಡಾಕ್ಟರು ಬಂದ ಕಥೆಯನ್ನು ಸಾಮಾನ್ಯವಾಗಿ 1907ರ ಕಾನೂನಿನಿಂದ ಶುರು ಮಾಡುತ್ತಾರೆ. ಆದರೆ ಮಗುವಿನ ಬಾಯಿ ತೆರೆಸಿ ಹುಳುಕು ಹಲ್ಲು ನೋಡುವುದು ಒಂದು ಕೆಲಸ, ಅದನ್ನು ಕೀಳಿಸುವುದು ಇನ್ನೊಂದು. ಈ ಎರಡರ ನಡುವೆ ಎಷ್ಟೋ ವರ್ಷ ಕಳೆದುಹೋಯಿತು.

ಇಂಗ್ಲೆಂಡಿನಲ್ಲಿ 1880ರಲ್ಲಿ ಶಾಲೆ ಕಡ್ಡಾಯವಾಯಿತು. ಗಿರಣಿ ಊರುಗಳ ಬಡ ಮಕ್ಕಳು ತರಗತಿಗೆ ಬಂದು ಕೂತಾಗಲೇ ಅವರ ಹಸಿವು, ಹೇನು, ಸೋರುವ ಕಿವಿ ಕಣ್ಣಿಗೆ ಬಿದ್ದದ್ದು. ಬ್ರಾಡ್‌ಫರ್ಡ್ ನಗರ 1893ರಲ್ಲೇ ಜೇಮ್ಸ್ ಕೆರ್ ಎಂಬ ವೈದ್ಯರನ್ನು ಶಾಲೆಗಳಿಗೆ ನೇಮಿಸಿತು. ಅಲ್ಲಿನ ಶಾಲಾ ಮಂಡಳಿಗೆ ಗೆದ್ದುಬಂದ ಮಾರ್ಗರೆಟ್ ಮ್ಯಾಕ್‌ಮಿಲನ್, ಶಾಲೆಯಲ್ಲೇ ಸ್ನಾನದ ವ್ಯವಸ್ಥೆ ಆಗಬೇಕೆಂದು ಹೋರಾಡಿದರು. ಚಳಿಗಾಲವಿಡೀ ಕಳಚದಂತೆ ಬಟ್ಟೆಯನ್ನು ಮೈಮೇಲೇ ಹೊಲಿಸಿಕೊಂಡು ಬರುವ ಮಕ್ಕಳಿಗೆ ಪಾಠ ತಲೆಗೆ ಹತ್ತುವುದಾದರೂ ಹೇಗೆ, ಅಲ್ವಾ?

ದೇಶಕ್ಕೆ ನಿಜವಾಗಿ ಗಾಬರಿಯಾಗಿದ್ದು ದಕ್ಷಿಣ ಆಫ್ರಿಕಾದಲ್ಲಿ ಬ್ರಿಟನ್ ನಡೆಸಿದ ಬೋಯರ್ ಯುದ್ಧದ (1899–1902) ಹೊತ್ತಿಗೆ. ಸೈನ್ಯ ಸೇರಲು ಬಂದ ಎಷ್ಟೋ ಯುವಕರು ದೇಹದಾರ್ಢ್ಯವಿಲ್ಲದೆ ವಾಪಸಾದರು. 1904ರಲ್ಲಿ ಸರ್ಕಾರಿ ಸಮಿತಿಯೊಂದು ಶಾಲಾ ಮಕ್ಕಳ ತಪಾಸಣೆ ಆಗಲಿ ಎಂದಿತು. 1906ರಲ್ಲಿ ಶಾಲೆಯ ಊಟಕ್ಕೆ ಕಾನೂನು ಬಂತು, ಮರುವರ್ಷ ತಪಾಸಣೆಗೆ.

1908ರಿಂದ ಕೆಲಸ ಶುರು. ಜಾರ್ಜ್ ನ್ಯೂಮನ್ ಇದರ ಮುಖ್ಯ ವೈದ್ಯಾಧಿಕಾರಿ. ಎತ್ತರ, ತೂಕ, ಕಣ್ಣು, ಕಿವಿ, ಹಲ್ಲು, ಗಂಟಲು ನೋಡಿ ಎಲ್ಲವನ್ನೂ ಬರೆದಿಡುತ್ತಿದ್ದರು. ದೋಷ ಕಂಡರೆ ಮನೆಗೊಂದು ಚೀಟಿ. ಕಾನೂನು ತಪಾಸಣೆಯನ್ನು ಕಡ್ಡಾಯ ಮಾಡಿತ್ತು. ಚಿಕಿತ್ಸೆಗೆ ಅನುಮತಿ ಮಾತ್ರ ಇತ್ತು. ವಾರದ ಕೂಲಿಯಲ್ಲಿ ಬಾಡಿಗೆ ಕಟ್ಟಿ, ಬ್ರೆಡ್ಡು ತರುವ ತಾಯಿ ಆ ಚೀಟಿ ಹಿಡಿದು ಯಾವ ಡಾಕ್ಟರ ಹತ್ತಿರ ಹೋಗಬೇಕಿತ್ತು? 1909ರ ಇನ್ನೊಂದು ಕಾನೂನು, ಚಿಕಿತ್ಸೆ ಕೊಟ್ಟರೆ ಖರ್ಚನ್ನು ಹೆತ್ತವರಿಂದಲೇ ವಸೂಲಿ ಮಾಡಿ ಎಂದಿತು. ಮುಂದಿನ ವರ್ಷ ಅದೇ ಮಗು, ಅದೇ ಹಲ್ಲು.

ಮ್ಯಾಕ್‌ಮಿಲನ್ ಮತ್ತು ಅವರ ಅಕ್ಕ ರೇಚೆಲ್ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ 1910ರಲ್ಲಿ ಮಕ್ಕಳ ಕ್ಲಿನಿಕ್ ತೆರೆದರು. ಅಲ್ಲಿ ವಾಸಿಯಾಗಿ ಹೋದ ಮಕ್ಕಳು ಕೆಲವೇ ವಾರಗಳಲ್ಲಿ ಅದೇ ಕಾಯಿಲೆ ಹೊತ್ತು ಮರಳುತ್ತಿದ್ದರು. ಮನೆಯ ಕೊಳಕು, ಇಕ್ಕಟ್ಟು ಹಾಗೇ ಇತ್ತಲ್ಲ. ಹಾಗಾಗಿ ಅಕ್ಕತಂಗಿಯರು 1911ರಲ್ಲಿ ಹುಡುಗಿಯರು ರಾತ್ರಿ ಬಯಲಲ್ಲೇ ಮಲಗುವಂಥ ಶಿಬಿರ ಶುರು ಮಾಡಿದರು.

ಸರ್ಕಾರ 1912ರಲ್ಲಿ ಚಿಕಿತ್ಸೆಗೆ ಅನುದಾನ ಕೊಟ್ಟಿತು. 1918ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಚಿಕಿತ್ಸೆ ಸ್ಥಳೀಯ ಆಡಳಿತದ ಹೊಣೆಯಾಯಿತು. ಅದು ಪೂರ್ತಿ ಉಚಿತವಾಗಬೇಕು ಎಂದು ಕಾನೂನು ಹೇಳಿದ್ದು 1944ರಲ್ಲಿ. 1908ರಲ್ಲಿ ಡಾಕ್ಟರ ಮುಂದೆ ಬಾಯಿ ತೆರೆದು ನಿಂತಿದ್ದ 5 ವರ್ಷದ ಮಗುವಿಗೆ ಅಷ್ಟೊತ್ತಿಗೆ 41 ಆಗಿತ್ತು.