ಹದಿನಾಲ್ಕನೇ ಪುಟದ ಆ ಸಾಲು

ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಚುನಾಯಿತ ಸ್ಥಳೀಯ ಆಡಳಿತದಲ್ಲಿ, ನಾನು ಸ್ಕ್ರೂಟಿನಿ ಆಫೀಸರ್. ಆರೋಗ್ಯ ಪರಿಶೀಲನಾ ಸಮಿತಿಯ ಕೌನ್ಸಿಲರ್‌ಗಳಿಗೆ ಕಾಗದಪತ್ರ ಓದಿಸುವುದು, ಪ್ರಶ್ನೆ ಹೊಂದಿಸಿಕೊಡುವುದು, ಸಭೆ ಮುಗಿದ ಮೇಲೆ ಪತ್ರ ಬರೆಯುವುದು ನನ್ನ ಕೆಲಸ. ಎನ್‌ಎಚ್‌ಎಸ್‌ನವರು, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರು, ಆಸ್ಪತ್ರೆ, ಕ್ಲಿನಿಕ್‌ಗಳ ವ್ಯವಸ್ಥೆಯನ್ನು ದೊಡ್ಡದಾಗಿ ಬದಲಿಸಲು ಹೊರಟರೆ ಆ ಯೋಜನೆ ಈ ಸಮಿತಿಯ ಮುಂದೆ ಬರಬೇಕು. ಬರುತ್ತದೆ. ನೂರಾರು ಪುಟ ಹೊತ್ತುಕೊಂಡು ಬರುತ್ತದೆ. ಅದರಲ್ಲಿ ಸುಮಾರು ಹದಿನಾಲ್ಕನೇ ಪುಟದ ಆಸುಪಾಸಿನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಜನರು ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳಲು ಉತ್ತೇಜನ ನೀಡಲಾಗುವುದು.

ಈ ಸಾಲು ಬಂದಾಗ ನಮ್ಮ ಕೌನ್ಸಿಲರ್‌ಗಳು ಏನು ಮಾಡುತ್ತಾರೆ ಗೊತ್ತಾ? ತಲೆಯಾಡಿಸುತ್ತಾರೆ. ಪುಟ ತಿರುಗಿಸುತ್ತಾರೆ. ನಾನು ಮೂಲೆಯಲ್ಲಿ ಕೂತು ಒಳಗೊಳಗೇ ತಲೆ ಚಚ್ಚಿಕೊಳ್ಳುತ್ತೇನೆ.

ಅವರನ್ನು ಬೈಯಲೂ ಮನಸ್ಸು ಬರುವುದಿಲ್ಲ. ಹಗಲೆಲ್ಲ ಬೇರೆ ಕೆಲಸ ಮಾಡಿ, ಸಂಜೆ ಬಂದು ಆ ಗಟ್ಟಿ ಕುರ್ಚಿಯಲ್ಲಿ ಮೂರು ಗಂಟೆ ಕೂರುವವರು ಅವರು. ಮೂರನೇ ಪುಟದಲ್ಲಿ ಸಣ್ಣಪುಟ್ಟ ಗಾಯಗಳಿಗೆ ಚಿಕಿತ್ಸೆ ಕೊಡುವ ಘಟಕ ಮುಚ್ಚುತ್ತೇವೆ ಅಂತ ಇದ್ದರೆ ಸಿಂಹಗಳ ಹಾಗೆ ಎದ್ದು ನಿಲ್ಲುತ್ತಾರೆ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ಫೋಟೋ ತೆಗೆಸಿಕೊಳ್ಳಬಹುದು, ಸಹಿ ಸಂಗ್ರಹಿಸಬಹುದು. ಸೆಲ್ಫ್ ಕೇರ್, ಅಂದರೆ ಆ ಸಾಲು ಹೇಳುವ ‘ತಾವೇ ನೋಡಿಕೊಳ್ಳುವುದು’, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಬೇಡ ಅನ್ನುವವರು ಯಾರು ಹೇಳಿ? ತಾಯಿಪ್ರೀತಿಯನ್ನು ವಿರೋಧಿಸಿದ ಹಾಗಿರುತ್ತದೆ, ಅಲ್ವಾ?

ಆದರೆ ಕಟ್ಟಡ ಮುಚ್ಚಿದ ಮೇಲೆ ಅಲ್ಲಿನ ಕೆಲಸ ಎಲ್ಲಿಗೆ ಹೋಗುತ್ತದೆ ಎನ್ನುವುದು ಇರುವುದೇ ಆ ಸಾಲಿನಲ್ಲಿ. ಹಿಂದಿನ ಕೋಷ್ಟಕ ತೆರೆದರೆ ಸೆಲ್ಫ್ ಕೇರ್ ಪಕ್ಕದಲ್ಲಿ ಒಂದು ಉಳಿತಾಯದ ಅಂಕಿ ಕೂತಿರುತ್ತದೆ. ಇಷ್ಟು ಜನ ಡಾಕ್ಟರ ಬಳಿ ಬರುವುದಿಲ್ಲ, ಆದ್ದರಿಂದ ಇಷ್ಟು ಪೌಂಡ್ ಉಳಿಯುತ್ತದೆ ಅಂತ. ಬರದೇ ಇರುವವರು ಮನೆಯಲ್ಲಿ ಏನು ಮಾಡುತ್ತಾರೆ ಎನ್ನುವುದಕ್ಕೆ ಮಾತ್ರ ಆ ಕೋಷ್ಟಕದಲ್ಲಿ ಜಾಗವಿಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ, ಹಾಗಾಗಿ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಮನೆಯಲ್ಲೇ ಬಿ.ಪಿ. ನೋಡಿಕೊಳ್ಳುವುದು. ಯೋಜನೆಯಲ್ಲಿ ಅದಕ್ಕೆ ಮೂರು ಪದ. ಬಿ.ಪಿ. ಇದೆಯೋ ಇಲ್ಲವೋ ಎಂದು ಮನೆಯ ಅಳತೆಯಿಂದ ತೀರ್ಮಾನಿಸಬೇಕಾದರೆ ಇಲ್ಲಿನ ವೈದ್ಯಕೀಯ ಮಾರ್ಗಸೂಚಿ ಹೇಳುವುದು ಹೀಗೆ: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಪ್ರತಿ ಸಲವೂ ಕೂತು, ಕನಿಷ್ಠ ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಬೇಕು. ಕನಿಷ್ಠ 4 ದಿನ, ಸಾಧ್ಯವಾದರೆ 7 ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. 7 ದಿನ ಅಂದರೆ 28 ಅಳತೆ, 14 ಸಲ ತೋಳಿಗೆ ಪಟ್ಟಿ ಸುತ್ತುವುದು. ಇಷ್ಟೂ ಕೆಲಸವೇ. ಮೊದಲು ನರ್ಸ್ ಮಾಡುತ್ತಿದ್ದರು, ಈಗ ಅದು ಮನೆಗೆ ಬಂದಿದೆ. ಹಾಗೆ ಮಾಡುವುದು ಒಳ್ಳೆಯದೇ, ಎಷ್ಟೋ ಜನರಿಗೆ ಕ್ಲಿನಿಕ್‌ನ ಗಾಬರಿಯಲ್ಲಿ ಬಿ.ಪಿ. ಸುಮ್ನೆ ಏರುತ್ತದೆ. ಒಳ್ಳೆಯದು ಅಂದ ಮಾತ್ರಕ್ಕೆ ಪುಕ್ಕಟೆ ಅಂತಲ್ಲ.

ಇದು ನನಗೆ ತಲೆಗೆ ಹತ್ತಿದ್ದು ಒಬ್ಬ ಅಜ್ಜಿಯಿಂದ. ನಮ್ಮ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು 3 ನಿಮಿಷ ಕೊಡುತ್ತೇವೆ. ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ಬಿ.ಪಿ. ಮೆಷಿನ್ ತೆಗೆದು ಮೇಜಿನ ಮೇಲಿಟ್ಟರು. ಏನೂ ಮಾತಾಡಲಿಲ್ಲ. ಪಾರ್ಶ್ವವಾಯು ಆಗಿ ಅವರ ಎಡಗೈ ಸೋತಿತ್ತು. ಬಲಗೈಯಿಂದ ಆ ಪಟ್ಟಿಯನ್ನು ಎಡತೋಳಿಗೆ ಏರಿಸಲು ನೋಡಿದರು, ತೋಳು ಎತ್ತಿ ಹಿಡಿಯಲು ಆಗಲಿಲ್ಲ, ಜಾರಿತು. ಬಲತೋಳಿಗೆ ಸುತ್ತೋಣ ಅಂದರೆ ಸುತ್ತಲು ಇನ್ನೊಂದು ಕೈ ಇಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದರು. ವೆಲ್ಕ್ರೋ ಪರ್ ಅಂತ ಬಿಟ್ಟುಕೊಂಡಿತು. ಮೂರನೇ ಸಲಕ್ಕೆ ಅಧ್ಯಕ್ಷರು ಗಡಿಯಾರ ನೋಡುವುದನ್ನು ನಿಲ್ಲಿಸಿದರು. ಆಮೇಲೆ ಅಜ್ಜಿ, ‘ನಾನು ಒಬ್ಬಳೇ ಇರೋದು. ಉತ್ತೇಜನ ನನಗೆ ಬೇಕಾದಷ್ಟಿದೆ. ಕೈ ಒಂದು ಕಡಿಮೆ’ ಅಂದರು. ಯೋಜನೆ ತಂದಿದ್ದ ಮ್ಯಾನೇಜರ್ ಪೆನ್ನು ತೆಗೆದು ಏನೋ ಬರೆದುಕೊಂಡರು. ಒಳ್ಳೆಯ ಮನುಷ್ಯ. ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ, ಅದು ನಮಗೆ ಗೊತ್ತು.

ಸೆಲ್ಫ್ ಕೇರ್ ಸರಿಯಾಗಿ ನಡೆದ ಕಡೆಯಲ್ಲೆಲ್ಲ ಅದರ ಹಿಂದೆ ಯಾರೋ ಕೂತು ಕಲಿಸಿದ್ದಾರೆ. ಟೈಪ್ 1 ಮಧುಮೇಹ ಇರುವವರಿಗೆ ಇಲ್ಲಿ ಡ್ಯಾಫ್ನಿ ಅಂತ ಒಂದು ತರಬೇತಿ ಇದೆ. 5 ದಿನದ್ದು. ತಿನ್ನುವುದಕ್ಕೆ ತಕ್ಕ ಹಾಗೆ ಇನ್ಸುಲಿನ್ ಲೆಕ್ಕ ಹಾಕುವುದನ್ನು ಅಲ್ಲಿ ಕಲಿಸುತ್ತಾರೆ. ಕಲಿತವರ ಸಕ್ಕರೆ ಹತೋಟಿಗೆ ಬಂತು, ಬದುಕೂ ಹಗುರವಾಯಿತು ಎಂದು 2002ರಲ್ಲೇ ಅಧ್ಯಯನ ಪ್ರಕಟವಾಯಿತು. ಅಲ್ಲಿ ಕಲಿಸುವ ನರ್ಸ್ ಇದ್ದಾರೆ, ಆಹಾರ ತಜ್ಞರಿದ್ದಾರೆ, ಕೋಣೆ ಇದೆ, ಐದು ದಿನ ರಜೆ ಹಾಕಿ ಬರುವ ರೋಗಿ ಇದ್ದಾನೆ. ಇದು ಸೆಲ್ಫ್ ಕೇರ್. ಒಂದು ಮಡಚಿದ ಕರಪತ್ರ ಕೊಟ್ಟು ಕಳಿಸುವುದು ಬೇರೆ.

ಈಗ ಕಾನೂನಿನ ಮಾತು, ಬೇಗ ಮುಗಿಸುತ್ತೇನೆ. ಎನ್‌ಎಚ್‌ಎಸ್ ಅನ್ನು ಪರಿಶೀಲಿಸುವ ಅಧಿಕಾರ ಕೌನ್ಸಿಲರ್‌ಗಳಿಗೆ ಬಂದದ್ದು 2001ರ ಕಾಯ್ದೆಯಿಂದ. ಒಂದು ಯೋಜನೆ ಬೇಡವೇ ಬೇಡ ಅನಿಸಿದರೆ ಸಮಿತಿ ಅದನ್ನು ಆರೋಗ್ಯ ಸಚಿವರಿಗೆ ಒಪ್ಪಿಸಬಹುದಿತ್ತು. 2024ರ ಜನವರಿ 31ರಿಂದ ಆ ಅಸ್ತ್ರ ಹೋಯಿತು. ಈಗ ಸಚಿವರೇ ಬೇಕೆಂದರೆ ಯೋಜನೆಯನ್ನು ಕೈಗೆತ್ತಿಕೊಳ್ಳಬಹುದು, ಹಾಗೆ ಮಾಡಿ ಎಂದು ಯಾರು ಬೇಕಾದರೂ ಅವರಿಗೆ ಬರೆಯಬಹುದು. ಅಸ್ತ್ರ ಹೋಯಿತೆಂದು ಕೆಲವು ಕೌನ್ಸಿಲರ್‌ಗಳು ಕೈಚೆಲ್ಲಿದ್ದಾರೆ. ಬೇಡ. ದೊಡ್ಡ ಬದಲಾವಣೆ ಮಾಡುವಾಗ ಸಮಿತಿಯ ಅಭಿಪ್ರಾಯ ಕೇಳಲೇಬೇಕು ಎನ್ನುವ ನಿಯಮ ಹಾಗೇ ಇದೆ. ಅಧಿಕಾರಿಗಳನ್ನು ಕರೆಸಬಹುದು, ಮಾಹಿತಿ ಕೇಳಬಹುದು, ಶಿಫಾರಸು ಮಾಡಬಹುದು. ಉತ್ತರ ಬೇಕೆಂದು ಕೇಳಿದರೆ 28 ದಿನದೊಳಗೆ ಲಿಖಿತವಾಗಿ ಕೊಡಬೇಕು. ಆದರೆ ಯಾವುದು ‘ದೊಡ್ಡ’ ಬದಲಾವಣೆ ಎಂದು ನಿಯಮಗಳಲ್ಲಿ ಬಿಡಿಸಿ ಹೇಳಿಲ್ಲ. ಜಗಳವೆಲ್ಲ ಅಲ್ಲೇ. ನಿಮ್ಮ ಪ್ರಕರಣ ಯಾವ ಕಡೆ ಬೀಳುತ್ತದೆ ಎಂದು ನಾನು ಇಲ್ಲಿ ಕೂತು ಹೇಳಲಾರೆ. ನಿಮ್ಮ ಕೌನ್ಸಿಲ್‌ನ ಕಾನೂನು ಅಧಿಕಾರಿಯನ್ನು ಕೇಳಿ, ಅದೂ ಯೋಜನೆ ಕರಡು ಹಂತದಲ್ಲಿರುವಾಗಲೇ.

ಅದೇ 2024ರ ಜನವರಿ 31ರಂದೇ ಇನ್ನೊಂದು ಶುರುವಾಯಿತು, ಫಾರ್ಮಸಿ ಫಸ್ಟ್. ಗಂಟಲು ನೋವು, ಸೈನಸ್, ಮಕ್ಕಳ ಕಿವಿ ನೋವು, ಸರ್ಪಸುತ್ತು ಹೀಗೆ 7 ತೊಂದರೆಗಳಿಗೆ ಡಾಕ್ಟರ ಬಳಿ ಹೋಗದೆ ಔಷಧಿ ಅಂಗಡಿಯಲ್ಲೇ ನೋಡಿಸಿಕೊಂಡು, ಬೇಕಿದ್ದರೆ ಆ್ಯಂಟಿಬಯಾಟಿಕ್ ಅಥವಾ ಬೇರೆ ಔಷಧಿಯನ್ನೂ ಪಡೆಯಬಹುದು. ನನಗೆ ಇದು ಇಷ್ಟ. ಫಾರ್ಮಸಿಸ್ಟ್ ಎದುರಿಗೆ ನಿಂತು, ‘ಕೆಮ್ಮು 3 ವಾರ ಇರಬಹುದು, ಅಷ್ಟರಲ್ಲಿ ಉಸಿರು ಕಟ್ಟಿದರೆ, ರಕ್ತ ಬಂದರೆ ಮಾತ್ರ ತಡಮಾಡಬೇಡಿ’ ಎಂದು ಹೇಳುವುದಕ್ಕೆ ಬೆಲೆ ಇದೆ. ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಅಂತ ಬಹಳ ಜನ ನಂಬಿದ್ದಾರೆ, ಎಂಟನೇ ದಿನ ಡಾಕ್ಟರ ಬಾಗಿಲು ತಟ್ಟುತ್ತಾರೆ. ಯಾವಾಗ ಕಾಯಬೇಕು ಎನ್ನುವುದರ ಜೊತೆ ಯಾವಾಗ ಓಡಬೇಕು ಎನ್ನುವುದೂ ಸೆಲ್ಫ್ ಕೇರ್ ಒಳಗೇ ಬರುತ್ತದೆ. ಎರಡನೆಯದನ್ನು ಯೋಜನೆಗಳು ಬರೆಯುವುದೇ ಇಲ್ಲ.

ಕೌನ್ಸಿಲರ್‌ಗಳೇ, ಹಾಗಾದರೆ ಕೇಳಿ: ಆ ಫಾರ್ಮಸಿ ಎಲ್ಲಿದೆ? ಶನಿವಾರ ರಾತ್ರಿ ತೆರೆದಿರುತ್ತದಾ? ಇತ್ತೀಚಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಎಷ್ಟೋ ಫಾರ್ಮಸಿಗಳು ಬಾಗಿಲು ಹಾಕಿವೆ. ತಮಾಷೆ ಏನೆಂದರೆ, ಯಾವ ಪ್ರದೇಶಕ್ಕೆ ಎಷ್ಟು ಫಾರ್ಮಸಿ ಸೇವೆ ಬೇಕು ಎನ್ನುವ ದಾಖಲೆಯನ್ನು ಮೂರು ವರ್ಷಕ್ಕೊಮ್ಮೆ ತಯಾರಿಸುವುದು ನಿಮ್ಮದೇ ಕೌನ್ಸಿಲ್‌ನ ಆರೋಗ್ಯ ಮತ್ತು ಕ್ಷೇಮ ಮಂಡಳಿ. ಅದು ನಿಮ್ಮದೇ ಕಟ್ಟಡದಲ್ಲಿ ಇದೆ. ಎನ್‌ಎಚ್‌ಎಸ್ ಯೋಜನೆಯ ಪಕ್ಕದಲ್ಲಿ ಅದನ್ನು ಬಿಚ್ಚಿಟ್ಟುಕೊಂಡು ಓದಿದ ಕೌನ್ಸಿಲರ್‌ಗಳನ್ನು ನಾನು ಇಷ್ಟು ವರ್ಷದಲ್ಲಿ ಇಬ್ಬರನ್ನು ನೋಡಿದ್ದೇನೆ. ಒಬ್ಬರು ನಿವೃತ್ತ ಬಸ್ ಡ್ರೈವರ್. ಯಾವ ಬಸ್ ಎಷ್ಟಕ್ಕೆ ಕೊನೆ ಅಂತ ಅವರಿಗೆ ಬಾಯಿಪಾಠ.

ದುಡ್ಡಿನ ವಿಷಯವೂ ಇದೆ. 2018ರ ಮಾರ್ಚ್‌ನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ 35 ಸಣ್ಣ ತೊಂದರೆಗಳಿಗೆ ಡಾಕ್ಟರು ಸಾಮಾನ್ಯವಾಗಿ ಔಷಧಿ ಬರೆದುಕೊಡುವುದಿಲ್ಲ, ಅಂಗಡಿಯಲ್ಲಿ ಕೊಳ್ಳಿ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 60 ದಾಟಿದವರಿಗೆ, 16ರೊಳಗಿನ ಮಕ್ಕಳಿಗೆ ಡಾಕ್ಟರ ಚೀಟಿ ಇದ್ದರೆ ಔಷಧಿ ಉಚಿತ. ಚೀಟಿ ಇಲ್ಲ ಅಂದರೆ ಕೈಯಿಂದ ಕೊಡಬೇಕು. ತಾವೇ ನೋಡಿಕೊಳ್ಳಲು ಆಗದಷ್ಟು ಕಷ್ಟದಲ್ಲಿರುವವರಿಗೆ ಬರೆದುಕೊಡಬಹುದು ಎಂಬ ವಿನಾಯಿತಿ ಅದೇ ಮಾರ್ಗಸೂಚಿಯಲ್ಲಿದೆ. ನಿಮ್ಮ ಊರಿನ ಡಾಕ್ಟರುಗಳು ಅದನ್ನು ಬಳಸುತ್ತಿದ್ದಾರಾ, ಕೌಂಟರಿನಲ್ಲಿ ಕೂತವರಿಗೆ ಅದು ಗೊತ್ತಿದೆಯಾ? ಕೇಳಿ ನೋಡಿ. ನಾನು ವೈದ್ಯೆಯಲ್ಲ, ಯಾರಿಗೆ ಯಾವ ಔಷಧಿ ಎನ್ನುವುದು ನನ್ನ ವಿಷಯವೂ ಅಲ್ಲ. ಪ್ರಶ್ನೆ ಕೇಳಿಸುವುದಷ್ಟೇ ನನ್ನ ಕೆಲಸ.

ಅಜ್ಜಿ ಬಂದು ಹೋದ ಮೇಲೆ ಆ ಯೋಜನೆ ತಿದ್ದಿ ಮತ್ತೆ ಬಂತು. ಹದಿನಾಲ್ಕನೇ ಪುಟದಲ್ಲಿ ಹೊಸದಾಗಿ ಒಂದು ಕೋಷ್ಟಕ ಸೇರಿದೆ. ಒಂಟಿಯಾಗಿರುವವರು, ಕೈ ಅಥವಾ ಕಣ್ಣು ಸರಿಯಿಲ್ಲದವರು, ಫೋನಿನ ಆ್ಯಪ್ ಬಳಸಲು ಬಾರದವರು ಅಂತ ಸಾಲುಗಳಿವೆ. ಪಕ್ಕದಲ್ಲಿ ‘ಎಷ್ಟು ಜನ’, ‘ಯಾರು ನೆರವಾಗುತ್ತಾರೆ’ ಅಂತ ಎರಡು ಕಾಲಂ. ಎರಡೂ ಖಾಲಿ. ತುಂಬಿಸಿ ಕಳಿಸಿ ಎಂದು ಅಧ್ಯಕ್ಷರ ಸಹಿ ಹಾಕಿಸಿ ಪತ್ರ ಕಳಿಸಿದ್ದೇನೆ. 28 ದಿನದ ಲೆಕ್ಕ ಮೊನ್ನೆ ಸೋಮವಾರದಿಂದ ಶುರುವಾಗಿದೆ.