ಬಿಯರ್ ಬೆಲೆ, ಬೆಲ್ಜಿಯಂ ಕಂಪನಿ, ಮುಂಬೈ ಹೋಟೆಲು: ಪೈಪೋಟಿ ಕಾನೂನು ನಡೆದು ಬಂದ ದಾರಿ

2021ರ ಸೆಪ್ಟೆಂಬರ್ 24ರಂದು, ಕಂಪನಿಗಳ ನಡುವೆ ಪೈಪೋಟಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಬಿಯರ್ ಕಂಪನಿಗಳ ವಿರುದ್ಧ ದೊಡ್ಡ ಆದೇಶವೊಂದನ್ನು ಕೊಟ್ಟಿತು. ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ ರೂಪಾಯಿ ದಂಡ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ. 2009ರಿಂದ 2018ರ ಅಕ್ಟೋಬರ್ ತನಕ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸುತ್ತಿದ್ದವು ಎಂದು ಆಯೋಗ ತೀರ್ಮಾನಿಸಿತು. ಇದು ನಡೆದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಇದ್ದವು. ಮಹಾರಾಷ್ಟ್ರದ ಬಗ್ಗೆ ಇನ್ನೂ ಜಾಸ್ತಿ ಇತ್ತು: ಕಂಪನಿಗಳು ಸೇರಿಕೊಂಡು ಸರಬರಾಜನ್ನು ಬಿಗಿ ಹಿಡಿದಿದ್ದವು, ಮಾರುಕಟ್ಟೆಯನ್ನೂ ಹಂಚಿಕೊಂಡಿದ್ದವು.

ಮುಂಬೈ ಕನ್ನಡಿಗರಿಗೆ ಇದು ಬೇರೆ ಯಾರದೋ ಸುದ್ದಿ ಅಲ್ಲ. ಈ ಊರಿನ ಎಷ್ಟೋ ಪರ್ಮಿಟ್ ರೂಂಗಳನ್ನು, ಅಂದರೆ ಪರವಾನಗಿ ಇರುವ ಬಾರುಗಳನ್ನು, ನಡೆಸುವವರು ಉಡುಪಿ, ಮಂಗಳೂರು, ಕುಂದಾಪುರ ಕಡೆಯಿಂದ ಬಂದವರು. ಇಲ್ಲಿನ ಹೋಟೆಲ್ ಮಾಲೀಕರ ಸಂಘ ‘ಆಹಾರ್’ನ ಅಧ್ಯಕ್ಷರಾಗಿ ತುಳುನಾಡಿನ ಶೆಟ್ಟರು ಮತ್ತೆ ಮತ್ತೆ ಆಯ್ಕೆಯಾಗಿದ್ದಾರೆ. ಬಿಯರ್ ಬೆಲೆ ಏರಿದಾಗ ಮೊದಲು ಗಿರಾಕಿಯ ಮಾತು ಕೇಳಬೇಕಾದವರು ಗಲ್ಲಾದಲ್ಲಿ ಕೂತ ಇವರೇ. ಬೆಲೆ ಯಾಕೆ ಏರಿತು ಎಂದು ಕೇಳಿದರೆ ಅವರ ಹತ್ತಿರವೂ ಉತ್ತರ ಇರಲಿಲ್ಲ.

ಕಂಪನಿಗಳು ಹೀಗೆ ಪೈಪೋಟಿ ಬಿಟ್ಟು ಒಳಗೊಳಗೇ ಕೈಜೋಡಿಸುವುದಕ್ಕೆ ಕೂಟ ಎನ್ನುತ್ತಾರೆ. ಇಷ್ಟು ವರ್ಷ ನಡೆದ ಈ ಕೂಟ ಸಿಕ್ಕಿಬಿದ್ದ ಬಗೆಯನ್ನು ಗಮನಿಸಬೇಕು. ಅದರ ಎಳೆ ಸಿಕ್ಕಿದ್ದು ವಿದೇಶದಲ್ಲಿ ನಡೆದ ಒಂದು ವ್ಯವಹಾರದಿಂದ. 2016ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಎಬಿ ಇನ್‌ಬೆವ್ ಕಂಪನಿ ಲಂಡನ್ನಿನ ಸ್ಯಾಬ್‌ಮಿಲ್ಲರ್ ಅನ್ನು ಕೊಂಡುಕೊಂಡಿತು. ಅದರ ಜೊತೆ ಸ್ಯಾಬ್‌ಮಿಲ್ಲರ್‌ನ ಭಾರತದ ವ್ಯಾಪಾರವೂ ಬಂತು. ಆ ವ್ಯಾಪಾರದೊಳಗೆ ಈ ಒಳಒಪ್ಪಂದವೂ ಇತ್ತು. 2017ರಲ್ಲಿ ಹೊಸ ಮಾಲೀಕರೇ ಆಯೋಗದ ಬಾಗಿಲು ತಟ್ಟಿ ವಿಷಯ ತಿಳಿಸಿದರು. ಕೂಟದೊಳಗಿಂದ ಮೊದಲು ಬಂದು ಪೂರ್ತಿ ಸತ್ಯ ಹೇಳಿದವರಿಗೆ ದಂಡ ಮಾಫಿ ಮಾಡುವ ಅವಕಾಶ ನಮ್ಮ ಕಾನೂನಿನಲ್ಲಿದೆ. ಎಬಿ ಇನ್‌ಬೆವ್‌ಗೆ ಅದು ನೂರಕ್ಕೆ ನೂರು ಸಿಕ್ಕಿತು. 2018ರ ಅಕ್ಟೋಬರ್‌ನಲ್ಲಿ ಉಳಿದವರ ಕಚೇರಿಗಳ ಮೇಲೆ ದಾಳಿ ನಡೆಯಿತು.

ಅಂದರೆ ಕುರ್ಲಾದ ಬಾರಿನಲ್ಲಿ ಕೊಟ್ಟ ಬೆಲೆಯ ಗುಟ್ಟು ಯುರೋಪಿನ ಒಂದು ಖರೀದಿಯಿಂದ ರಟ್ಟಾಯಿತು. ಈ ಸ್ಥಿತಿಗೆ ಬರಲು ನಮ್ಮ ಕಾನೂನಿಗೆ ಬಹಳ ಕಾಲ ಬೇಕಾಯಿತು.

ಶುರುವಾದದ್ದು ಬೇರೆಯೇ ಆತಂಕದಿಂದ. ಅಮೆರಿಕದಲ್ಲಿ 1890ರಲ್ಲೇ ಏಕಸ್ವಾಮ್ಯ ತಡೆಯುವ ಶೆರ್ಮನ್ ಕಾಯ್ದೆ ಬಂದಿತ್ತು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು 34 ತುಂಡು ಮಾಡಿಸಿತು. ನಮ್ಮಲ್ಲಿ 1964ರಲ್ಲಿ ಸರ್ಕಾರ ಕೆ.ಸಿ. ದಾಸ್‌ಗುಪ್ತ ಅವರ ನೇತೃತ್ವದಲ್ಲಿ ಏಕಸ್ವಾಮ್ಯ ವಿಚಾರಣಾ ಆಯೋಗ ನೇಮಿಸಿತು. ಖಾಸಗಿ ಕಂಪನಿಗಳ ಒಟ್ಟು ಆಸ್ತಿಯಲ್ಲಿ ಅರ್ಧದ ಹತ್ತಿರ ಬರೀ 75 ಉದ್ಯಮ ಗುಂಪುಗಳ ಕೈಯಲ್ಲಿದೆ ಎಂದು ಅದು ಮರುವರ್ಷ ವರದಿ ಕೊಟ್ಟಿತು. ಆ ಗುಂಪುಗಳಲ್ಲಿ ಹಲವರ ಮುಖ್ಯ ಕಚೇರಿಗಳು ಇದೇ ಮುಂಬೈಯ ಕೋಟೆ ಪ್ರದೇಶದಲ್ಲಿದ್ದವು. 1969ರಲ್ಲಿ ಎಂಆರ್‌ಟಿಪಿ ಕಾಯ್ದೆ, ಅಂದರೆ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆ ಬಂತು, 1970ರ ಜೂನ್‌ನಲ್ಲಿ ಜಾರಿಯಾಯಿತು. 20 ಕೋಟಿಗಿಂತ ಹೆಚ್ಚು ಆಸ್ತಿ ಇದ್ದವರು ಕಾರ್ಖಾನೆ ವಿಸ್ತರಿಸಲೂ ದೆಹಲಿಯ ಒಪ್ಪಿಗೆ ಪಡೆಯಬೇಕಿತ್ತು. 1985ರಲ್ಲಿ ಈ ಮಿತಿ 100 ಕೋಟಿಗೆ ಏರಿತು.

ಆ ಕಾನೂನಿನ ಕಣ್ಣು ಇದ್ದದ್ದು ಕಂಪನಿ ಎಷ್ಟು ದೊಡ್ಡದು ಎಂಬುದರ ಮೇಲೆ. ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಎರಡನೇ ಸ್ಥಾನ. ಇದರಿಂದ ಒಂದು ಕೆಟ್ಟ ಪರಿಣಾಮ ಆಯಿತು. ಒಪ್ಪಿಗೆ ಸಿಗದೆ ಹೊಸಬರು ಒಳಗೆ ಬರಲಾಗಲಿಲ್ಲ, ಇದ್ದವರು ಆರಾಮವಾಗಿ ಉಳಿದರು. ಏಕಸ್ವಾಮ್ಯ ತಡೆಯಲು ಬಂದ ವ್ಯವಸ್ಥೆಯೇ ಕೆಲವರಿಗೆ ಕಾವಲಾಯಿತು.

1991ರಲ್ಲಿ ಆರ್ಥಿಕತೆ ತೆರೆದುಕೊಂಡಿತು. ಆಸ್ತಿಯ ಮಿತಿ ರದ್ದಾಯಿತು, ಕಂಪನಿಗಳ ವಿಲೀನಕ್ಕೆ ಮೊದಲೇ ಒಪ್ಪಿಗೆ ಪಡೆಯುವ ನಿಯಮವೂ ಹೋಯಿತು. ಅದರ ಫಲ ಮೊದಲು ಕಂಡದ್ದು ಮುಂಬೈಯಲ್ಲೇ. 1993ರಲ್ಲಿ ಹಿಂದೂಸ್ತಾನ್ ಲಿವರ್, ಟಾಟಾ ಆಯಿಲ್ ಮಿಲ್ಸ್ ಅನ್ನು ತನ್ನೊಳಗೆ ಸೇರಿಸಿಕೊಂಡಿತು. ಲಕ್ಸ್, ಲೈಫ್‌ಬಾಯ್ ಇದ್ದ ಮನೆಗೆ ಹಮಾಮ್ ಕೂಡ ಬಂತು. ಕಾರ್ಮಿಕ ಸಂಘ ಸುಪ್ರೀಂ ಕೋರ್ಟಿನ ತನಕ ಹೋಯಿತು. ತಿದ್ದುಪಡಿಯ ನಂತರ ಇಂಥ ವಿಲೀನಕ್ಕೆ ಎಂಆರ್‌ಟಿಪಿ ಕಾಯ್ದೆಯ ಒಪ್ಪಿಗೆ ಬೇಕಿಲ್ಲ ಎಂದು ಕೋರ್ಟು ಹೇಳಿತು. ಬಾಗಿಲು ತೆರೆದೆವು, ಆದರೆ ಒಳಗೆ ಬಂದವರು ಕೂಡಿಕೊಂಡು ಮಾರುಕಟ್ಟೆ ಹಿಡಿದರೆ ಏನು ಮಾಡಬೇಕು ಎಂಬುದಕ್ಕೆ ನಮ್ಮ ಹತ್ತಿರ ಗಟ್ಟಿಯಾದ ಕಾನೂನು ಇರಲಿಲ್ಲ.

ಈ ಕೊರತೆ ಸ್ಪಷ್ಟವಾಗಿ ಕಂಡದ್ದು ಸೋಡಾ ಆ್ಯಶ್ ಪ್ರಕರಣದಲ್ಲಿ. ಗಾಜು, ಬಟ್ಟೆ ಒಗೆಯುವ ಪುಡಿ ಎರಡಕ್ಕೂ ಬೇಕಾದ ವಸ್ತು ಇದು. ಅಮೆರಿಕದ ಆರು ಉತ್ಪಾದಕರು ಸೇರಿ ರಫ್ತಿಗಾಗಿ ‘ಆನ್ಸ್ಯಾಕ್’ ಎಂಬ ಕೂಟ ಕಟ್ಟಿಕೊಂಡಿದ್ದರು. ಸ್ವಂತ ದೇಶದ ಜನರಿಗೆ ಹೊರೆಯಾಗದಿದ್ದರೆ ಹೊರದೇಶಕ್ಕೆ ಒಂದೇ ಬೆಲೆಯಲ್ಲಿ ಮಾರಬಹುದು ಎಂದು ಅಮೆರಿಕದ ಕಾನೂನೇ ಅವರಿಗೆ ವಿನಾಯಿತಿ ಕೊಟ್ಟಿತ್ತು. 1996ರಲ್ಲಿ ಅವರ ಸರಕು ಭಾರತಕ್ಕೆ ಬರುವ ಹೊತ್ತಿಗೆ ಇಲ್ಲಿನ ಉತ್ಪಾದಕರ ಸಂಘ ಎಂಆರ್‌ಟಿಪಿ ಆಯೋಗಕ್ಕೆ ದೂರು ಕೊಟ್ಟಿತು. ಆಯೋಗ ತಡೆ ಹಾಕಿತು. 2002ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಈ ಕಾಯ್ದೆ ದೇಶದ ಗಡಿ ದಾಟುವುದಿಲ್ಲ, ಆಮದನ್ನೇ ತಡೆಯುವ ಅಧಿಕಾರ ಆಯೋಗಕ್ಕಿಲ್ಲ, ಇಲ್ಲಿನ ಸ್ಪರ್ಧೆಗೆ ಆದ ಹಾನಿಯನ್ನು ತೋರಿಸಬೇಕು ಎಂದಿತು.

ಕೋರ್ಟು ಹೇಳಿದ್ದರಲ್ಲಿ ನ್ಯಾಯ ಇತ್ತು. ಅಗ್ಗದ ಸೋಡಾ ಆ್ಯಶ್ ಬಂದರೆ ಗಾಜು ಮಾಡುವವನಿಗೆ ಲಾಭ ಅಲ್ವಾ? ದೂರು ಕೊಟ್ಟವರು ಇಲ್ಲಿನ ದೊಡ್ಡ ಉತ್ಪಾದಕರು, ಸಣ್ಣ ಗಿರಾಕಿಗಳಲ್ಲ. ಪೈಪೋಟಿ ಕಾನೂನನ್ನು ಪೈಪೋಟಿ ತಪ್ಪಿಸಿಕೊಳ್ಳಲೂ ಬಳಸಬಹುದು. ಕತೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಮುಂಬೈಯ ಟಾಟಾ ಕೆಮಿಕಲ್ಸ್ ಅಮೆರಿಕದ ಜನರಲ್ ಕೆಮಿಕಲ್ ಕಂಪನಿಯನ್ನು ಕೊಂಡಿತು. ಅದು ಆನ್ಸ್ಯಾಕ್‌ನ ಆರು ಸದಸ್ಯರಲ್ಲಿ ಒಂದಾಗಿತ್ತು. ದೇಶಿ ಯಾರು, ವಿದೇಶಿ ಯಾರು ಎಂಬ ಗೆರೆ ಎಷ್ಟು ಬೇಗ ಅಳಿಸುತ್ತದೆ ನೋಡಿ.

ಎಲ್ಲ ದೇಶಕ್ಕೂ ಒಂದೇ ನಿಯಮ ಮಾಡಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರಯತ್ನ ಆಗಿತ್ತು. ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಬರೆದ 1948ರ ಹವಾನಾ ಸನ್ನದಿನಲ್ಲಿ ಇದಕ್ಕೇ ಒಂದು ಅಧ್ಯಾಯ ಇತ್ತು, ಸನ್ನದು ಜಾರಿಗೇ ಬರಲಿಲ್ಲ. 1996ರಲ್ಲಿ ಸಿಂಗಪುರದ ವಿಶ್ವ ವ್ಯಾಪಾರ ಸಂಸ್ಥೆ ಸಭೆಯಲ್ಲಿ ವಿಷಯ ಮತ್ತೆ ಬಂತು. ಬಹುರಾಷ್ಟ್ರೀಯ ಕಂಪನಿಗಳಿಗೆ ಇದು ದಾರಿ ಮಾಡಿಕೊಡುತ್ತದೆ ಎಂಬ ಭಯದಿಂದ ಭಾರತ ಮತ್ತು ಹಲವು ಬಡ ದೇಶಗಳು ವಿರೋಧಿಸಿದವು. 2003ರಲ್ಲಿ ಕ್ಯಾನ್‌ಕುನ್ ಸಭೆ ಮುರಿದುಬಿತ್ತು, ಮರುವರ್ಷ ವಿಷಯವನ್ನು ಕೈಬಿಟ್ಟರು. ಭಯಕ್ಕೆ ಕಾರಣ ಇತ್ತು ಎಂದು ಒಪ್ಪುತ್ತೇನೆ. ಆದರೆ ಅದರಿಂದಾದ ನಷ್ಟವೂ ನಮ್ಮದೇ. 1990ರ ದಶಕದಲ್ಲಿ ರೋಷ್, ಬಿಎಎಸ್‌ಎಫ್ ಮುಂತಾದ ಕಂಪನಿಗಳು ವಿಟಮಿನ್ ಬೆಲೆಯನ್ನು ಜಗತ್ತಿನಾದ್ಯಂತ ಕೂಡಿಕೊಂಡು ನಿಗದಿ ಮಾಡಿದ್ದವು. 1999ರಲ್ಲಿ ಅಮೆರಿಕ ರೋಷ್ ಒಂದಕ್ಕೇ 50 ಕೋಟಿ ಡಾಲರ್ ದಂಡ ಹಾಕಿತು. ಯುರೋಪೂ ಹಾಕಿತು. ಭಾರತದಲ್ಲಿ ಒಂದು ರೂಪಾಯಿ ದಂಡವೂ ಬೀಳಲಿಲ್ಲ.

ಹೊಸ ಕಾನೂನು ಬೇಕು ಎಂದು ಎಸ್.ವಿ.ಎಸ್. ರಾಘವನ್ ಸಮಿತಿ 2000ದಲ್ಲಿ ವರದಿ ಕೊಟ್ಟಿತು. 2002ರ ಕೊನೆಗೆ ಸಂಸತ್ತು ಸ್ಪರ್ಧಾ ಕಾಯ್ದೆಯನ್ನು ಒಪ್ಪಿತು. ಅದರ 32ನೇ ಕಲಂ ಮುಖ್ಯ: ಒಪ್ಪಂದ ಎಲ್ಲೇ ಆಗಿರಲಿ, ಪರಿಣಾಮ ಭಾರತದಲ್ಲಿ ಆದರೆ ವಿಚಾರಿಸಬಹುದು. ಆದರೆ ಆಯೋಗದ ರಚನೆಯ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ಬಂತು, 2007ರಲ್ಲಿ ತಿದ್ದುಪಡಿ ಆಯಿತು, ಕೂಟ ಮತ್ತು ಮಾರುಕಟ್ಟೆಯಲ್ಲಿನ ಬಲದ ದುರ್ಬಳಕೆಯ ಕಲಂಗಳು ಜಾರಿಯಾದದ್ದು 2009ರ ಮೇ 20ರಂದು. ವಿಲೀನಗಳ ಪರಿಶೀಲನೆ ಶುರುವಾದದ್ದು 2011ರ ಜೂನ್‌ನಲ್ಲಿ. 1991ರಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಎರಡು ದಶಕ ನಾವು ಕಾವಲಿಲ್ಲದೆ ಇದ್ದೆವು.

ಮೊದಲ ದೊಡ್ಡ ಪ್ರಕರಣಗಳಲ್ಲಿ ಒಂದು ಮುಂಬೈಯದ್ದೇ. ಕರೆನ್ಸಿ ವಹಿವಾಟಿಗೆ ಶುಲ್ಕವೇ ತೆಗೆದುಕೊಳ್ಳದ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ವಿರುದ್ಧ ಹೊಸದಾಗಿ ಬಂದ ಎಂಸಿಎಕ್ಸ್ ಸ್ಟಾಕ್ ಎಕ್ಸ್‌ಚೇಂಜ್ 2009ರಲ್ಲಿ ದೂರು ಕೊಟ್ಟಿತು. ಬೇರೆ ವಿಭಾಗಗಳ ಲಾಭದಿಂದ ಇಲ್ಲಿನ ನಷ್ಟ ತುಂಬಿಕೊಂಡು ಎದುರಾಳಿಯನ್ನು ಸುಸ್ತು ಮಾಡುವುದು ತಪ್ಪು ಎಂದು 2011ರಲ್ಲಿ ಆಯೋಗ 55.5 ಕೋಟಿ ದಂಡ ಹಾಕಿತು. ಮೇಲ್ಮನವಿ ಮಂಡಳಿ ಅದನ್ನು ಎತ್ತಿಹಿಡಿದದ್ದು 2014ರಲ್ಲಿ. ಆ ಹೊತ್ತಿಗೆ ದೂರುದಾರರ ಎಕ್ಸ್‌ಚೇಂಜ್ ಬೇರೆ ಕಾರಣಗಳಿಂದಲೂ ಸೊರಗಿತ್ತು.

ಇನ್ನೊಂದು ಪ್ರಕರಣ ದಂಡದ ಲೆಕ್ಕವನ್ನೇ ಬದಲಿಸಿತು. ಗೋದಾಮಿನ ಧಾನ್ಯಕ್ಕೆ ಹುಳ ಹತ್ತದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಾಗಿ 2009ರಲ್ಲಿ ಭಾರತೀಯ ಆಹಾರ ನಿಗಮ ಟೆಂಡರ್ ಕರೆಯಿತು. ಮೂರು ಕಂಪನಿಗಳೂ ಕಿಲೋಗೆ 388 ರೂಪಾಯಿ ಎಂದೇ ಬರೆದಿದ್ದವು. ಅವರಲ್ಲಿ ಮುಂಬೈಯ ಎಕ್ಸೆಲ್ ಕ್ರಾಪ್ ಕೇರ್‌ಗೆ ಬಿದ್ದ 63 ಕೋಟಿಗೂ ಹೆಚ್ಚಿನ ದಂಡ ಮೇಲ್ಮನವಿಯಲ್ಲಿ 3 ಕೋಟಿಯೊಳಗೆ ಇಳಿಯಿತು. ತಪ್ಪು ನಡೆದ ಸರಕಿನ ವಹಿವಾಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನೂರು ಸರಕು ಮಾರುವ ಜಾಗತಿಕ ಕಂಪನಿಗೆ ಇದು ದೊಡ್ಡ ನಿರಾಳ. 2023ರ ತಿದ್ದುಪಡಿ ಇದನ್ನು ತಿರುಗಿಸಿತು. 2024ರ ಮಾರ್ಚ್‌ನಿಂದ ಕಂಪನಿಯ ಜಗತ್ತಿನಾದ್ಯಂತದ ವಹಿವಾಟನ್ನು ಆಧಾರವಾಗಿ ಹಿಡಿದು ದಂಡ ಹಾಕಬಹುದು. ಗೂಗಲ್‌ಗೆ ಆಂಡ್ರಾಯ್ಡ್ ವಿಷಯದಲ್ಲಿ 2022ರಲ್ಲಿ ಬಿದ್ದದ್ದು 1,337.76 ಕೋಟಿ ರೂಪಾಯಿ. ಯುರೋಪ್ 2018ರಲ್ಲೇ ಆಂಡ್ರಾಯ್ಡ್ ವಿಷಯಕ್ಕೆ 434 ಕೋಟಿ ಯೂರೋ ಹಾಕಿತ್ತು. ಆ ಅಂತರ ನೋಡಿದರೆ ತಿದ್ದುಪಡಿ ಯಾಕೆ ಬೇಕಿತ್ತು ಎಂದು ಗೊತ್ತಾಗುತ್ತದೆ.

ಮತ್ತೆ ನಮ್ಮ ಹೋಟೆಲುಗಳಿಗೆ ಬರೋಣ. ಇವತ್ತು ಅವರ ದೊಡ್ಡ ಚಿಂತೆ ಊಟ ತಲುಪಿಸುವ ಆ್ಯಪ್‌ಗಳ ಕಮಿಷನ್. ಈ ಆ್ಯಪ್‌ಗಳು ಬೆಳೆದದ್ದು ಹೊರದೇಶದ ಹೂಡಿಕೆದಾರರ ಹಣದಲ್ಲಿ. ಮಾಟುಂಗದ ಸಣ್ಣ ಹೋಟೆಲಿಗೆ ಅಂಥ ಬೆನ್ನು ಇಲ್ಲ. 2021ರಲ್ಲಿ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ ಜೊಮ್ಯಾಟೊ, ಸ್ವಿಗ್ಗಿ ವಿರುದ್ಧ ದೂರು ಕೊಟ್ಟಿತು. 2022ರ ಏಪ್ರಿಲ್ 4ರಂದು ಆಯೋಗ ತನಿಖೆಗೆ ಹೇಳಿತು. ಬೇರೆ ಕಡೆ ಕಡಿಮೆ ಬೆಲೆಗೆ ಮಾರಬಾರದು ಎಂಬ ಕರಾರು, ಆ್ಯಪ್ ತನ್ನದೇ ಅಡುಗೆಮನೆಗಳಿಗೆ ಒಲವು ತೋರುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿದ್ದವು. ತನಿಖೆಯ ಅಂಶಗಳು ಪತ್ರಿಕೆಗಳಲ್ಲಿ ಬಂದದ್ದು 2024ರ ನವೆಂಬರ್‌ನಲ್ಲಿ. ಬಾಡಿಗೆ, ಸಂಬಳ ಕೊಟ್ಟು ತಿಂಗಳು ದೂಡುವ ಹೋಟೆಲಿಗೆ ಮೂರು ವರ್ಷ ಎಂದರೆ ಬದುಕು ಸಾವಿನ ಪ್ರಶ್ನೆ.

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಸಂಘದ ಸಭೆಯಲ್ಲಿ ಕೂತು ಇಡ್ಲಿಗೆ ಇಷ್ಟು, ಚಹಾಕ್ಕೆ ಇಷ್ಟು ಎಂದು ಎಲ್ಲರೂ ಒಂದೇ ಬೆಲೆ ಹಾಕಲು ತೀರ್ಮಾನಿಸಿದರೆ ಅದೂ ಕೂಟವೇ. ಔಷಧ ಅಂಗಡಿಗಳ ಅಖಿಲ ಭಾರತ ಸಂಘಕ್ಕೆ 2013ರಲ್ಲಿ ದಂಡ ಬಿದ್ದದ್ದು ಹೀಗೇ. ತನ್ನ ಒಪ್ಪಿಗೆ ಪತ್ರ ಇಲ್ಲದೆ ಹೊಸ ಸ್ಟಾಕಿಸ್ಟ್ ನೇಮಿಸಬಾರದು ಎಂಬ ಕಟ್ಟಳೆ ಅವರದ್ದು. ಸಣ್ಣವರು ಎಂಬ ಕಾರಣಕ್ಕೆ ಕಾನೂನು ಬಿಡುವುದಿಲ್ಲ, ಬಿಡಲೂಬಾರದು.

ನನಗೆ ಬಹಳ ಬೇಸರ ತರುವ ವಿಷಯ ಬೇರೆ. ಈ ದಂಡದ ಹಣ ಎಲ್ಲಿಗೆ ಹೋಗುತ್ತದೆ? ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರಕ್ಕೆ. ವರ್ಷಗಟ್ಟಲೆ ಹೆಚ್ಚು ಬೆಲೆ ಕೊಟ್ಟವರಿಗೆ ಅದರಲ್ಲಿ ಏನೂ ಬರುವುದಿಲ್ಲ. ಅಮೆರಿಕದಲ್ಲಿ ನಷ್ಟವಾದವರು ಕೋರ್ಟಿಗೆ ಹೋಗಿ ಮೂರು ಪಟ್ಟು ಪರಿಹಾರ ಕೇಳಬಹುದು. ನಮ್ಮಲ್ಲೂ ದಾರಿ ಇದೆ. ಸ್ಪರ್ಧಾ ಕಾಯ್ದೆಯ 53ಎನ್ ಕಲಂ ಪ್ರಕಾರ, ಆಯೋಗ ತಪ್ಪು ಎಂದು ಹೇಳಿದ ಮೇಲೆ ನಷ್ಟವಾದವರು ಮೇಲ್ಮನವಿ ಮಂಡಳಿಯಲ್ಲಿ ಪರಿಹಾರ ಕೇಳಬಹುದು. ಒಂದೇ ಬಗೆಯ ನಷ್ಟ ಅನುಭವಿಸಿದ ಹಲವರ ಪರವಾಗಿ ಒಬ್ಬಿಬ್ಬರು ಅರ್ಜಿ ಹಾಕಲೂ ಅವಕಾಶ ಇದೆ. ಇಷ್ಟು ವರ್ಷದಲ್ಲಿ ಇದನ್ನು ಬಳಸಿದವರು ತೀರಾ ಕಡಿಮೆ.

ಬಿಯರ್ ಆದೇಶವನ್ನು ಮೇಲ್ಮನವಿ ಮಂಡಳಿ 2022ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ವಿಷಯ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಪರಿಹಾರ ಕೇಳುವುದು ಸುಲಭ ಅಲ್ಲ. ಬಾರಿನವರು ಮಾಲು ತರುವುದು ಹೋಲ್‌ಸೇಲ್ ವ್ಯಾಪಾರಿಯಿಂದ, ನೇರ ಕಂಪನಿಯಿಂದಲ್ಲ. ಏರಿದ ಬೆಲೆಯಲ್ಲಿ ಎಷ್ಟು ಭಾಗವನ್ನು ಗಿರಾಕಿಯಿಂದ ವಸೂಲು ಮಾಡಿದಿರಿ ಎಂದು ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾದರೆ 2009ರಿಂದ 2018ರ ತನಕದ ಖರೀದಿ ಬಿಲ್ಲು, ರಿಜಿಸ್ಟರುಗಳು ಬೇಕು. ಮುಂಬೈಯ ಹೋಟೆಲ್ ಸಂಘಗಳು ಈಗಲೇ ಸದಸ್ಯರಿಂದ ಅವನ್ನು ಕೇಳಿ ಒಟ್ಟು ಮಾಡಬೇಕು. ಈ ಕಾನೂನು ಗೊತ್ತಿರುವ ವಕೀಲರೊಬ್ಬರನ್ನು ಮುಂದಿನ ಸಭೆಗೆ ಕರೆದು 53ಎನ್ ಬಗ್ಗೆ ಕೇಳಬೇಕು.