ಬ್ಯಾಸ್ಕೆಟ್‌ಬಾಲ್ ತಂಡದ ವೇಗ ಯಾರ ಕೈಯಲ್ಲಿದೆ?

1990-91ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡೆನ್ವರ್ ನಗೆಟ್ಸ್ ಪಂದ್ಯಕ್ಕೆ ಸರಾಸರಿ 119.9 ಅಂಕ ಗಳಿಸಿತು. ಬಿಟ್ಟುಕೊಟ್ಟದ್ದು 130.8! 82 ಪಂದ್ಯಗಳಲ್ಲಿ ಗೆದ್ದದ್ದು 20. ಕೋಚ್ ಪಾಲ್ ವೆಸ್ಟ್‌ಹೆಡ್ ತಂಡವನ್ನು ಬಿಡುವಿಲ್ಲದೆ ಓಡಿಸಿದರು. ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಬಂದವರು ಏದುಸಿರು ಬಿಡಬೇಕು. ಆದರೆ ನಾವು ಬೇಗ ಎಸೆದಷ್ಟೂ ಎದುರಾಳಿಗೂ ಅಷ್ಟೇ ಸರದಿ ಸಿಗುತ್ತದೆ.

ಈ ಸರದಿಯೇ ಪೊಸೆಷನ್: ಚೆಂಡು ಕೈಸೇರಿದಲ್ಲಿಂದ ಎದುರಾಳಿಯ ಪಾಲಾಗುವವರೆಗೆ. ಶಾಟ್ ತಪ್ಪಿ ಪುಟಿದ ಚೆಂಡನ್ನು (ರಿಬೌಂಡ್) ನಮ್ಮವರೇ ಹಿಡಿದರೆ, ಅಂದರೆ ದಾಳಿಯ ರಿಬೌಂಡ್ ಆದರೆ, ಹಳೆಯ ಸರದಿಯೇ ಮುಂದುವರಿಯುತ್ತದೆ. 48 ನಿಮಿಷಕ್ಕೆ ಎಷ್ಟು ಪೊಸೆಷನ್ ಎಂಬುದು ಪೇಸ್. ಸ್ಕೋರ್‌ಶೀಟ್ ಇದ್ದರೆ ಅಂದಾಜು ಸುಲಭ. ಶಾಟ್‌ಗಳಿಗೆ ಟರ್ನೋವರ್ (ಶಾಟ್ ಎಸೆಯದೆಯೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ದಾಳಿಯ ರಿಬೌಂಡ್ ಕಳೆದು, ಫೌಲ್‌ಗೆ ಸಿಗುವ ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಸೇರಿಸಬೇಕು. 85 ಶಾಟ್, 14 ಟರ್ನೋವರ್, 10 ದಾಳಿಯ ರಿಬೌಂಡ್, 20 ಫ್ರೀ ಥ್ರೋ ಆದರೆ 97.8. ಓವರ್‌ಟೈಮ್ ಆಗಿದ್ದರೆ ಆ ನಿಮಿಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ನಮ್ಮಲ್ಲಿ ಆಡುವ, ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದ ಪಂದ್ಯ 40 ನಿಮಿಷದ್ದು, ಅದೇ ಲಯದಲ್ಲಿ ಅಲ್ಲಿ 81.5 ಬರುತ್ತದೆ.

ಎರಡೂ ತಂಡಕ್ಕೆ ನೂರು ನೂರು ಸರದಿ ಎಂದರೆ 48 ನಿಮಿಷದ 2,880 ಸೆಕೆಂಡನ್ನು 200ರಿಂದ ಭಾಗಿಸಿ, ಸರದಿಗೆ 14.4 ಸೆಕೆಂಡ್. ನಾವು ನಮ್ಮ ಪ್ರತಿ ಸರದಿಯಲ್ಲೂ ಒಂದು ಸೆಕೆಂಡ್ ಉಳಿಸಿದರೆ ಪೇಸ್ 103.6ಕ್ಕೆ ಏರುತ್ತದೆ. ಎದುರಾಳಿ ಒಂದು ಸೆಕೆಂಡ್ ಹೆಚ್ಚು ಎಳೆದರೆ ಮತ್ತೆ ನೂರಕ್ಕೇ ಬಂದು ನಿಲ್ಲುತ್ತದೆ! ಪೇಸ್‌ನ ಅರ್ಧ ಪಾಲು ಎದುರಾಳಿಯದು ಎಂಬುದನ್ನು ಅಂಕಿಪಟ್ಟಿ ತೋರಿಸುವುದಿಲ್ಲ. ಬಿಗಿಯಾಗಿ ರಕ್ಷಿಸುವ ತಂಡ ಎದುರಾಳಿಯನ್ನು ಶಾಟ್ ಕ್ಲಾಕ್‌ನ (ಶಾಟ್ ಎಸೆಯಲು ಇರುವ ಕಾಲಮಿತಿ) ಕೊನೆಯವರೆಗೂ ಅಲೆಸುತ್ತದೆ. ಅದು ಎಷ್ಟೇ ಚುರುಕಾಗಿ ಓಡಿದರೂ ಪಟ್ಟಿಯಲ್ಲಿ ನಿಧಾನದ ತಂಡವಾಗಿ ಕಾಣಬಹುದು.

ಇನ್ನು ನಮ್ಮ ಕೈಲಿರುವ ಅರ್ಧ. ಚೆಂಡು ಹೇಗೆ ಸಿಕ್ಕಿತು ಎನ್ನುವುದೇ ಇಲ್ಲಿ ದೊಡ್ಡ ಮಾತು. ಸ್ಟೀಲ್ ಆದರೆ, ಅಂದರೆ ಚೆಂಡನ್ನು ಕಸಿದುಕೊಂಡರೆ, ಎದುರಾಳಿಯ ರಕ್ಷಣೆ ಇನ್ನೂ ನಿಂತಿರುವುದಿಲ್ಲ. ಬುಟ್ಟಿಗೆ ಬಿದ್ದ ಚೆಂಡನ್ನಾದರೆ ಗೆರೆಯಾಚೆಯಿಂದ ಒಳಗೆ ಹಾಕಬೇಕು, ಅಷ್ಟರಲ್ಲಿ ಐವರೂ ಹಿಂದಕ್ಕೆ ಓಡಿರುತ್ತಾರೆ. ರಿಬೌಂಡ್ ಇವೆರಡರ ನಡುವೆ. ಹಿಡಿದವನು ಪಕ್ಕದ ಗೆರೆಯ ಕಡೆ ತಿರುಗಿ ಒಂದೇ ಪಾಸ್‌ನಲ್ಲಿ ಚೆಂಡು ಬಿಡಬೇಕು, ಇಬ್ಬರು ಮೂಲೆಗಳತ್ತ ಓಡಬೇಕು. ಚೆಂಡನ್ನು ಮುಂದಕ್ಕೆ ಒಯ್ಯುವ ಗಾರ್ಡ್ ಆಟಗಾರ ಚೆಂಡಿಗಾಗಿ ಬುಟ್ಟಿಯ ಬುಡಕ್ಕೇ ವಾಪಸು ಬರುವುದು ಸಾಮಾನ್ಯ ತಪ್ಪು. ಅಲ್ಲಿಗೆ ಫಾಸ್ಟ್ ಬ್ರೇಕ್ (ರಕ್ಷಣೆ ನಿಲ್ಲುವ ಮೊದಲೇ ನುಗ್ಗುವ ದಾಳಿ) ಮುಗಿಯಿತು.

ದಾಳಿಯ ರಿಬೌಂಡ್‌ಗೆ ಮೂವರನ್ನು ನುಗ್ಗಿಸುವುದು ಜೂಜು. ಸಿಕ್ಕರೆ ಸರದಿ ಲಂಬಿಸುತ್ತದೆ, ಪೇಸ್ ಇಳಿಯುತ್ತದೆ. ತಪ್ಪಿದರೆ ಹಿಂದೆ ಕಾಯುವವರಿಲ್ಲ.

ನಿಯಮದ ಪಾಲೂ ಕಡಿಮೆಯಿಲ್ಲ. 1950ರಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ಚೆಂಡನ್ನು ಹಿಡಿದುಕೊಂಡೇ ನಿಂತು ಮಿನ್ನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. ನೋಡುವವರಿಗೆ ಶಿಕ್ಷೆ. 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು. ಒಳ್ಳೆಯ ಪಂದ್ಯದಲ್ಲಿ ಎರಡೂ ಕಡೆ ಸೇರಿ ಸುಮಾರು 120 ಶಾಟ್ ಬೀಳುತ್ತವೆ ಎಂದುಕೊಂಡು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ 2,880ನ್ನು ಅದರಿಂದ ಭಾಗಿಸಿದ್ದರು, ಅಷ್ಟೇ. 2018-19ರಿಂದ ಎನ್‌ಬಿಎಯಲ್ಲಿ ದಾಳಿಯ ರಿಬೌಂಡ್ ನಂತರ ಸಿಗುವುದು 14 ಸೆಕೆಂಡ್ ಮಾತ್ರ. 2004-05ರಲ್ಲಿ ಸ್ಟೀವ್ ನ್ಯಾಶ್ ಇದ್ದ ಫೀನಿಕ್ಸ್ ಸನ್ಸ್ ಸುಮಾರು 96 ಪೇಸ್‌ನಿಂದ ಲೀಗ್‌ನಲ್ಲೇ ಮುಂದಿತ್ತು. ಈಗಿನ ಪಟ್ಟಿಯಲ್ಲಿ ಅದರ ಜಾಗ ಕೆಳಗಡೆ.